ಕಾಲೇಜಿನ ಕಟಕಟೆ

ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನ ಕೈಯಿಂದ ಮೊದಲು ಕಸಿದುಕೊಳ್ಳುವುದು ಉತ್ತರಪತ್ರಿಕೆ. ಆಮೇಲೆ ಬರೆಸಿಕೊಳ್ಳುವುದು ಒಂದು ಪತ್ರ. ನಮ್ಮ ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಾಲೇಜುಗಳಲ್ಲಿ ಅದನ್ನು ಅಪಾಲಜಿ ಲೆಟರ್ ಅನ್ನುತ್ತಾರೆ. ಕಡತಕ್ಕೆ ಸೇರುವಾಗ ಅದೇ ‘ವಿದ್ಯಾರ್ಥಿಯ ಹೇಳಿಕೆ’ ಆಗುತ್ತದೆ. ನಾಲ್ಕೈದು ಸಾಲು ಇಂಗ್ಲಿಷು: ಇಂಥ ರಿಜಿಸ್ಟರ್ ನಂಬರಿನ ನಾನು ಇಂಥ ವಿಷಯದ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡಿದ್ದೆ, ಇದು ನನ್ನ ಮೊದಲ ಹಾಗೂ ಕೊನೆಯ ತಪ್ಪು, ದಯವಿಟ್ಟು ಕ್ಷಮಿಸಬೇಕು. ಟ್ಯಾನರಿ ರಸ್ತೆಯ ಹುಡುಗ ಬರೆದದ್ದೂ ಕೆ.ಆರ್. ಪುರದ ಹುಡುಗಿ ಬರೆದದ್ದೂ ಅಕ್ಷರಶಃ ಒಂದೇ. ಹೇಳಿ ಬರೆಸಿದವರು ಒಬ್ಬರೇ ಆಗಿರುತ್ತಿದ್ದರು.

ನಾನು ಹಲಸೂರಿನವಳು. ಸೋಮೇಶ್ವರ ದೇವಸ್ಥಾನದ ತೇರು ಬೀದಿಯ ಪಕ್ಕದಲ್ಲೇ ಬೆಳೆದು, ದಂಡಿನ ಒಂದು ಕಾಲೇಜಿನಲ್ಲಿ ನಿವೃತ್ತಿಯವರೆಗೂ ಇತಿಹಾಸ ಕಲಿಸಿದೆ. ರೂಮ್ ಸೂಪರ್‌ವೈಸರ್ ಆಗಿ ಪರೀಕ್ಷಾ ಕೊಠಡಿಗಳಲ್ಲಿ ಓಡಾಡಿದ್ದೇನೆ, ಮುಂದೆ ಕಾಲೇಜಿನ ಶಿಸ್ತು ಸಮಿತಿಯಲ್ಲಿ ಕೂತಿದ್ದೇನೆ. ಮೇಜಿನ ಈಚೆ ನಾವು, ಆಚೆ ನಿಂತ ಒಂದು ಮಗು, ಬಾಗಿಲಾಚೆ ಅದರ ಅಪ್ಪ ಅಥವಾ ಅಮ್ಮ. ಈ ವ್ಯವಸ್ಥೆ ಎಲ್ಲಿಂದ ಬಂತು, ಅದರ ನಿಯಮಗಳನ್ನು ಯಾರು ಯಾವ ಪೆಟ್ಟು ತಿಂದು ಕಲಿತರು ಎಂದು ಹುಡುಕಿದಾಗ ನನಗೆ ಒಂದು ವಿಷಯ ಖಚಿತವಾಯಿತು. ವಿದ್ಯಾರ್ಥಿಯಿಂದ ಸತ್ಯವನ್ನು ಕೇಳುವ ಸಂಸ್ಥೆ ತಾನೂ ಸತ್ಯಕ್ಕೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ದರೆ ಆ ಮೇಜಿನ ಮೇಲೆ ನಡೆಯುವುದು ವಿಚಾರಣೆಯಲ್ಲ, ಬರೀ ಶಿಕ್ಷೆ.

ದಂಡಿನ ಕಡೆಯ ಕಾಲೇಜುಗಳ ಕಥೆ ಶುರುವಾಗುವುದು ದೂರದ ಯಜಮಾನಿಕೆಯಿಂದ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಸೈನ್ಯ ನೆಲೆ ನಿಂತಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ವಾಪಸಾದದ್ದು 1947ರ ಜುಲೈ 26ಕ್ಕೆ, ಹಳೆಯ ಊರಾದ ಪೇಟೆಯೊಂದಿಗೆ ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. 1947ರವರೆಗೆ ಶಿವಾಜಿನಗರದಿಂದ ಕಬ್ಬನ್ ಪಾರ್ಕ್ ದಾಟಿ ಸೆಂಟ್ರಲ್ ಕಾಲೇಜಿಗೆ ಹೋಗುವ ಹುಡುಗ ದಿನಾ ಎರಡು ಸರ್ಕಾರಗಳ ನಡುವೆ ಓಡಾಡುತ್ತಿದ್ದ. ಪರೀಕ್ಷೆಯ ಸರ್ಕಾರ ಮೂರನೆಯದು. 1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾಲಯವೇ ಇಲ್ಲಿಯ ಪದವಿಗಳಿಗೂ ಒಡೆಯ. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜಾದ ಸಂಸ್ಥೆ 1916ರವರೆಗೆ ಅದರ ಅಧೀನ. 1882ರಲ್ಲಿ ಫ್ರೆಂಚ್ ಪಾದ್ರಿಗಳು ದಂಡಿನಲ್ಲಿ ಕಟ್ಟಿದ ಸೇಂಟ್ ಜೋಸೆಫ್ಸ್ ಕೂಡ ಮೊದಲು ಸೇರಿದ್ದು ಮದರಾಸಿಗೇ.

ಹೀಗಿರುವಾಗ ತಕರಾರಿದ್ದ ವಿದ್ಯಾರ್ಥಿ ಯಾರ ಬಳಿ ಹೋಗಬೇಕು? ವಿಶ್ವವಿದ್ಯಾಲಯ ರೈಲಿನ ದೂರ. ಹತ್ತಿರ ಇದ್ದವರು ಪ್ರಿನ್ಸಿಪಾಲರೊಬ್ಬರೇ. ಅವರ ಕೈಯಲ್ಲಿ ಎರಡು ಕಾಗದ ಇದ್ದವು: ಟಿ.ಸಿ. ಮತ್ತು ಕಾಂಡಕ್ಟ್ ಸರ್ಟಿಫಿಕೇಟ್. ನಡತೆಯ ಸಾಲಿನಲ್ಲಿ ಅವರು ಬರೆಯುವ ಒಂದು ಪದದಿಂದ ಇನ್ನೊಂದು ಕಾಲೇಜಿನ ಬಾಗಿಲು ತೆರೆಯುತ್ತಿತ್ತು ಅಥವಾ ಮುಚ್ಚುತ್ತಿತ್ತು. ಯಾಕೆ ಆ ಪದ ಬರೆದಿರಿ ಎಂದು ಕೇಳುವ ದಾರಿ ಇರಲಿಲ್ಲ. ಒಳ್ಳೆಯ ಪ್ರಿನ್ಸಿಪಾಲರು ಬೇಕಾದಷ್ಟು ಜನ ಇದ್ದರು. ಆದರೆ ನ್ಯಾಯ ಅವರ ಒಳ್ಳೆಯತನದ ಮೇಲೆ ನಿಂತಿತ್ತೇ ಹೊರತು ಯಾವ ನಿಯಮದ ಮೇಲೂ ಅಲ್ಲ.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ 1916ರಲ್ಲೇ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಒಂದು ಶಿಸ್ತು ಪ್ರಕರಣ ನಡೆಯಿತು. ನಾನು ತರಗತಿಯಲ್ಲಿ ಅದನ್ನು ಬಿಡದೆ ಹೇಳುತ್ತಿದ್ದೆ. ಇತಿಹಾಸದ ಪ್ರೊಫೆಸರ್ ಓಟನ್ ವಿದ್ಯಾರ್ಥಿಗಳೊಂದಿಗೆ ಒರಟಾಗಿ ನಡೆದುಕೊಂಡರೆಂದು ಮುಷ್ಕರವಾಯಿತು. ಫೆಬ್ರವರಿ 15ರಂದು ಅವರನ್ನು ಕಾಲೇಜಿನ ಮೆಟ್ಟಿಲ ಬಳಿ ಹುಡುಗರು ಹೊಡೆದರು. ಪ್ರಿನ್ಸಿಪಾಲ್ ಜೇಮ್ಸ್ ಒಬ್ಬ ವಿದ್ಯಾರ್ಥಿಯನ್ನು ಕರೆಸಿ, ಕಾಲೇಜಿಗೆಲ್ಲ ತಂಟೆಕೋರ ನೀನೇ ಎಂದು ಹೇಳಿ ಅಮಾನತು ಮಾಡಿದರು. ಆತ ಸುಭಾಷಚಂದ್ರ ಬೋಸ್. ಆಮೇಲೆ ಆಶುತೋಷ್ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಾಗ, ಹೊಡೆದದ್ದು ಸರಿಯೇ ಎಂದು ಬೋಸರನ್ನು ಕೇಳಿದರು. ಹೊಡೆದದ್ದು ಸರಿಯಲ್ಲ, ಆದರೆ ಹುಡುಗರನ್ನು ಆ ಮಟ್ಟಕ್ಕೆ ಕೆರಳಿಸಲಾಗಿತ್ತು ಎಂದು ಅವರು ಉತ್ತರಿಸಿ, ಕೆರಳಿಸಿದ ಸಂಗತಿಗಳನ್ನು ಒಂದೊಂದಾಗಿ ಹೇಳಿದರು. ತಪ್ಪಾಯಿತು ಎಂದು ಒಂದೇ ಮಾತು ಹೇಳಿದ್ದರೆ ಪಾರಾಗಬಹುದಿತ್ತೇನೋ. ಅವರು ಅರ್ಧ ಸತ್ಯ ಹೇಳಲಿಲ್ಲ. ಓದು ನಿಂತಿತು, 1917ರಲ್ಲಿ ಅನುಮತಿ ಸಿಕ್ಕಿ ಸ್ಕಾಟಿಷ್ ಚರ್ಚ್ ಕಾಲೇಜಿಗೆ ಸೇರಿ, 1919ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ವಿಚಾರಣೆಯಾಗುವ ಮೊದಲೇ ಶಿಕ್ಷೆ ಕೊಟ್ಟು, ಆಮೇಲೆ ವಿಚಾರಣೆ ಮಾಡಿದ ಕ್ರಮ ಅದು. ಆ ಕ್ರಮ ಇಂದಿಗೂ ಸತ್ತಿಲ್ಲ.

ಆ ತಪ್ಪನ್ನು ಗುರುತಿಸಿದ ತೀರ್ಪು ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದೆಯೇ ಬಂದಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ 1718ರಲ್ಲಿ ರಿಚರ್ಡ್ ಬೆಂಟ್ಲಿ ಎಂಬ ವಿದ್ವಾಂಸರ ಪದವಿಗಳನ್ನು ಅವರ ಮಾತು ಕೇಳದೆಯೇ ಕಿತ್ತುಹಾಕಿತು. ಆತ ಸುಲಭದ ಮನುಷ್ಯನಲ್ಲ, ಜಗಳಗಂಟ. ಆದರೂ 1723ರಲ್ಲಿ ಇಂಗ್ಲೆಂಡಿನ ಕೋರ್ಟು ಪದವಿಗಳನ್ನು ಹಿಂದಿರುಗಿಸಲು ಹೇಳಿತು. ನ್ಯಾಯಾಧೀಶ ಫೋರ್ಟೆಸ್ಕ್ಯೂ ಅಂದು ಒಂದು ಮಾತು ನೆನಪಿಸಿದರು: ಹಣ್ಣು ತಿಂದ ಆದಾಮನನ್ನು ತೋಟದಿಂದ ಹೊರಹಾಕುವ ಮೊದಲು ದೇವರು ಕೂಡ ಅವನನ್ನು ಕರೆದು ಕೇಳಿದ. ಎಲ್ಲವನ್ನೂ ಬಲ್ಲ ದೇವರೇ ಕೇಳಿದ ಮೇಲೆ ವಿಶ್ವವಿದ್ಯಾಲಯ ಕೇಳದಿದ್ದರೆ ಹೇಗೆ? ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ನೆರಳಲ್ಲಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಹೇಳಿದ ಕೂಡಲೇ ಹಿಡಿಸುತ್ತಿತ್ತು.

ನಮ್ಮ ಊರಿನ ಪಾಲಿಗೆ 1942 ಇನ್ನೊಂದು ಪಾಠ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಎಚ್. ನರಸಿಂಹಯ್ಯನವರು ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು, ಓದು ಬಿಟ್ಟು, ಜೈಲು ಸೇರಿದರು. ಬಿಡುಗಡೆಯಾಗಿ ಮತ್ತೆ ಓದಲು ಬಂದು 1946ರಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದರು. ಅದೇ ವ್ಯಕ್ತಿ 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹಾಜರಿ ಪುಸ್ತಕದ ಪ್ರಕಾರ ಅವರು ಗೈರುಹಾಜರಾದ ವಿದ್ಯಾರ್ಥಿ, ಪೊಲೀಸರ ಪುಸ್ತಕದ ಪ್ರಕಾರ ಆರೋಪಿ. ಯಾಕೆ ಎಂಬ ಒಂದು ಸಾಲು ಆ ಪುಸ್ತಕಗಳಲ್ಲಿ ಇಲ್ಲದಿದ್ದರೆ, ಮನಸ್ಸಾಕ್ಷಿಯಿಂದ ನಿಯಮ ಮುರಿದವನಿಗೂ ಚೀಟಿ ಇಟ್ಟವನಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಶಿಸ್ತಿನ ಆದೇಶದಲ್ಲಿ ಕಾರಣ ಬರೆಯಲೇಬೇಕು ಎಂದು ನಾನು ಹಟ ಹಿಡಿಯುತ್ತಿದ್ದುದು ಇದಕ್ಕೇ.

ಸ್ವಾತಂತ್ರ್ಯ ಬಂದು, ಸಂವಿಧಾನ ಬಂದು, ವಿದ್ಯಾರ್ಥಿಗೂ ಹೈಕೋರ್ಟಿನ ಬಾಗಿಲು ತೆರೆದ ಮೇಲೆ ಕಥೆ ಬದಲಾಯಿತು. ನಮ್ಮಲ್ಲಾದರೆ ಕಬ್ಬನ್ ಪಾರ್ಕಿನ ಅಂಚಿನ ಅಠಾರಾ ಕಚೇರಿ. ಆದರೆ ದಾರಿ ಮಾಡಿಕೊಟ್ಟ ಪ್ರಕರಣ ಉತ್ತರಪ್ರದೇಶದ್ದು. 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಪಾಸಾದರೆಂದು ಪ್ರಕಟವಾದ ಘನಶ್ಯಾಮ್ ದಾಸ್ ಗುಪ್ತ ಮತ್ತು ಇನ್ನಿಬ್ಬರಿಗೆ ತಿಂಗಳುಗಳಾದ ಮೇಲೆ ಸುದ್ದಿ ಬಂತು: ನಿಮ್ಮ ಫಲಿತಾಂಶ ರದ್ದು, ಮುಂದಿನ ವರ್ಷದ ಪರೀಕ್ಷೆಗೂ ಕೂರುವಂತಿಲ್ಲ. ಅವರನ್ನು ಯಾರೂ ಏನೂ ಕೇಳಿರಲಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಬ್ಬ ಹುಡುಗನ ಇಡೀ ಭವಿಷ್ಯವನ್ನು ಮುರಿಯಬಲ್ಲ ತೀರ್ಮಾನ ಮಾಡುವ ಪರೀಕ್ಷಾ ಸಮಿತಿ ನ್ಯಾಯಾಧೀಶನ ಹೊಣೆಯನ್ನೇ ಹೊತ್ತಿರುತ್ತದೆ, ಅವನ ಮಾತು ಕೇಳದೆ ಶಿಕ್ಷಿಸುವಂತಿಲ್ಲ. ಕಾನೂನಿನಲ್ಲಿ ಹಾಗೆ ಕೇಳಿ ಎಂದು ಬರೆದಿಲ್ಲವಲ್ಲ ಎಂಬ ವಾದ ನಿಲ್ಲಲಿಲ್ಲ.

ಅದೇ ವರ್ಷ ಅದೇ ಪರೀಕ್ಷಾ ಮಂಡಳಿಯ ಇನ್ನೊಂದು ಪ್ರಕರಣದಲ್ಲಿ, ಬಾಗಲೇಶ್ವರ್ ಪ್ರಸಾದ್ ಎಂಬ ವಿದ್ಯಾರ್ಥಿಯದ್ದರಲ್ಲಿ, ಕೋರ್ಟು ಮಂಡಳಿಯ ಪರ ನಿಂತಿತು. ಅವನ ಮತ್ತು ಇನ್ನೊಬ್ಬ ಅಭ್ಯರ್ಥಿಯ ಉತ್ತರಗಳಲ್ಲಿ ತಪ್ಪುಗಳೂ ಒಂದೇ ರೀತಿ ಇದ್ದವು. ಸಮಿತಿ ವಿದ್ಯಾರ್ಥಿಯನ್ನು ಕರೆದು ಕೇಳಿತ್ತು. ಕಣ್ಣಾರೆ ಕಂಡ ಸಾಕ್ಷಿ ಇಲ್ಲದಿದ್ದರೂ ಸಂದರ್ಭಗಳನ್ನು ಪ್ರಾಮಾಣಿಕವಾಗಿ ತೂಗಿ ತೀರ್ಮಾನಿಸಿದ್ದರೆ ಕೋರ್ಟು ಸುಲಭವಾಗಿ ಕೈಹಾಕಬಾರದು ಎಂದಿತು. ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಕೋರ್ಟು ಕಳ್ಳನ ಪರವೂ ಅಲ್ಲ, ಮಂಡಳಿಯ ಪರವೂ ಅಲ್ಲ. ಕೇಳಿದಿರಾ, ತೂಗಿದಿರಾ ಎಂಬ ಪ್ರಶ್ನೆಯಷ್ಟೇ ಅದರದ್ದು.

ಈ ಪ್ರಶ್ನೆಯನ್ನು ಇನ್ನಷ್ಟು ತಿದ್ದಿ ತೀಡಿದವರು ನಮ್ಮ ಕರಾವಳಿಯ ಕೌಡೂರು ಸದಾನಂದ ಹೆಗ್ಡೆಯವರು. ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ, ಸುಪ್ರೀಂ ಕೋರ್ಟಿಗೆ ಹೋಗಿ, ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದನ್ನು ವಿರೋಧಿಸಿ 1973ರಲ್ಲಿ ರಾಜೀನಾಮೆ ಕೊಟ್ಟವರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದವರು. ನಿಟ್ಟೆಯ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದವರು. 1968ರಲ್ಲಿ ಕೇರಳ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿ ಸುರೇಶ್ ಕೋಶಿ ಜಾರ್ಜ್ ಎಂಬವರ ಪರೀಕ್ಷಾ ಅಕ್ರಮದ ಪ್ರಕರಣ ಬಂತು. ವಿಚಾರಣಾ ವರದಿಯ ಪ್ರತಿಯನ್ನೇ ಕೊಡಲಿಲ್ಲ ಎಂಬುದು ಅವರ ದೂರು. ಪ್ರತಿಯನ್ನು ಅವರು ಕೇಳಿರಲೂ ಇಲ್ಲ. ನ್ಯಾಯದ ನಿಯಮಗಳು ಕಲ್ಲಿನಲ್ಲಿ ಕೊರೆದ ಶಾಸನವಲ್ಲ, ಪ್ರಕರಣದ ಸ್ವರೂಪ ನೋಡಿ ಅನ್ವಯಿಸಬೇಕು ಎಂದ ಹೆಗ್ಡೆಯವರು ಆ ದೂರನ್ನು ಒಪ್ಪಲಿಲ್ಲ. ಮರುವರ್ಷ ಅವರೇ ಬರೆದ ಕ್ರೈಪಕ್ ತೀರ್ಪು ಇನ್ನೂ ದೊಡ್ಡದು. ಅರಣ್ಯ ಸೇವೆಯ ಆಯ್ಕೆ ಮಂಡಳಿಯಲ್ಲಿ, ತಾನೇ ಅಭ್ಯರ್ಥಿಯಾಗಿದ್ದ ಒಬ್ಬ ಅಧಿಕಾರಿ ಸದಸ್ಯನಾಗಿ ಕೂತಿದ್ದ. ತನ್ನ ಹೆಸರು ಬಂದಾಗ ಎದ್ದುಹೋಗಿದ್ದರೂ ಇಡೀ ಆಯ್ಕೆ ರದ್ದಾಯಿತು. ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರನಾಗಬಾರದು ಎಂಬ ಮಾತು ಆಡಳಿತದ ಕೋಣೆಗೂ ಸಲ್ಲುತ್ತದೆ ಎಂದು ಸ್ಥಾಪಿತವಾಯಿತು. ಚೀಟಿ ಹಿಡಿದವರೇ ಶಿಸ್ತು ಸಮಿತಿಯ ಕುರ್ಚಿಯಲ್ಲಿ ಕೂರುವುದನ್ನು ಕಂಡಾಗಲೆಲ್ಲ ನನಗೆ ಈ ತೀರ್ಪು ನೆನಪಾಗುತ್ತಿತ್ತು.

ಇನ್ನೆರಡು ತೀರ್ಪುಗಳನ್ನೂ ಹೇಳದೆ ಹೋದರೆ ಚಿತ್ರ ಒಂದೇ ಕಡೆ ವಾಲುತ್ತದೆ. 1970ರಲ್ಲಿ, ಬಿಹಾರದ ಒಂದು ಕೇಂದ್ರದಲ್ಲಿ ನಡೆದಿದ್ದ ಸಾಮೂಹಿಕ ನಕಲಿನ ಪ್ರಕರಣದಲ್ಲಿ, ಇಡೀ ಕೇಂದ್ರದ ಪರೀಕ್ಷೆ ರದ್ದು ಮಾಡಲು ಒಬ್ಬೊಬ್ಬರನ್ನೂ ಕರೆದು ಕೇಳಬೇಕಿಲ್ಲ ಎಂದು ಕೋರ್ಟು ಹೇಳಿತು. ಅಲ್ಲಿ ಯಾರೊಬ್ಬರ ಮೇಲೂ ಕಳ್ಳನೆಂಬ ಹೆಸರು ಹೊರಿಸುತ್ತಿರಲಿಲ್ಲ, ಮತ್ತೆ ಪರೀಕ್ಷೆ ಬರೆಯಿರಿ ಎನ್ನುತ್ತಿದ್ದರು ಅಷ್ಟೆ. 1973ರದ್ದು ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಪ್ರಕರಣ. ರಾತ್ರಿ ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ನುಗ್ಗಿ ಅಸಭ್ಯವಾಗಿ ವರ್ತಿಸಿದ ಹುಡುಗರನ್ನು ಎರಡು ಶೈಕ್ಷಣಿಕ ಅವಧಿಗೆ ಹೊರಹಾಕಿದ್ದರು. ಹುಡುಗಿಯರ ಹೇಳಿಕೆಯನ್ನು ನಮ್ಮೆದುರು ಪಡೆಯಲಿಲ್ಲ ಎಂದು ಹುಡುಗರು ಕೋರ್ಟಿಗೆ ಹೋದರು. ಅದೇ ಹಾಸ್ಟೆಲಿನಲ್ಲಿ ಬದುಕಬೇಕಾದ ಹುಡುಗಿಯರನ್ನು ಅವರ ಎದುರು ನಿಲ್ಲಿಸಲಾಗದು ಎಂದು ಕೋರ್ಟು ಸಮಿತಿಯನ್ನು ಎತ್ತಿಹಿಡಿಯಿತು. ಆದರೆ ಆ ಸಮಿತಿ ಮಾಡಿದ ಒಂದು ಕೆಲಸ ಗಮನಿಸಬೇಕು. ಆರೋಪಿಗಳ ಫೋಟೋಗಳನ್ನು ಬೇರೆ ಹುಡುಗರ ಫೋಟೋಗಳ ಜೊತೆ ಬೆರೆಸಿ, ಗುರುತಿಸಿ ಎಂದು ಹುಡುಗಿಯರಿಗೆ ಕೊಟ್ಟಿತ್ತು. ಆರೋಪಗಳನ್ನು ಹುಡುಗರಿಗೆ ತಿಳಿಸಿ ಅವರ ಉತ್ತರವನ್ನೂ ಬರೆದುಕೊಂಡಿತ್ತು. ದೂರು ಕೊಟ್ಟವರನ್ನು ಕಾಪಾಡುತ್ತಲೇ ಆರೋಪಿಗೂ ನ್ಯಾಯವಾಗಿ ನಡೆದುಕೊಳ್ಳಬಹುದು ಎಂದು ಆ ಮೂವರು ಪ್ರೊಫೆಸರುಗಳು ತೋರಿಸಿಕೊಟ್ಟರು.

ಇತ್ತ ಬೆಂಗಳೂರಿನಲ್ಲಿ 1964ರ ಜುಲೈ 10ರಂದು ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಅದರ ಆರಂಭದ ಕುಲಪತಿಗಳಲ್ಲಿ ಒಬ್ಬರಾದ ಟಿ.ಕೆ. ತುಕೋಳರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ನಮ್ಮ ಕಾಲಕ್ಕೆ ಪದ್ಧತಿ ಹೀಗೆ ನೆಲೆಗೊಂಡಿತ್ತು. ಸೂಪರ್‌ವೈಸರ್ ಅಥವಾ ಸ್ಕ್ವಾಡಿನವರು ಹಿಡಿಯುತ್ತಾರೆ. ಇದಕ್ಕೆ ಹುಡುಗರು ‘ಬುಕ್ ಆದ’ ಅನ್ನುತ್ತಾರೆ. ಉತ್ತರಪತ್ರಿಕೆ, ಚೀಟಿ, ಸೂಪರ್‌ವೈಸರ್ ವರದಿ, ಆ ಪತ್ರ, ಎಲ್ಲವನ್ನೂ ಒಂದು ಲಕೋಟೆಯಲ್ಲಿಟ್ಟು ಸೀಲ್ ಮಾಡಿ ಚೀಫ್ ಸೂಪರಿಂಟೆಂಡೆಂಟ್ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ. ಮುಂದೆ ಮಾಲ್‌ಪ್ರಾಕ್ಟೀಸ್ ಸಮಿತಿಯಿಂದ ಕರೆ ಬರುತ್ತದೆ. ಒಂದು ಪೇಪರ್ ರದ್ದು, ಎಲ್ಲ ಪೇಪರ್ ರದ್ದು, ಅದಕ್ಕಿಂತ ಗಂಭೀರವಾದರೆ ಡಿಬಾರ್. ಕೆ.ಆರ್. ಪುರದ ಮಗು ಆ ಕರೆಗೆ ಓಗೊಟ್ಟು ಊರಿನ ಆ ತುದಿಯ ಜ್ಞಾನಭಾರತಿಗೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೋಗಬೇಕಿತ್ತು. ಜೊತೆಗೆ ಬಂದ ಅಪ್ಪನ ಒಂದು ದಿನದ ಕೂಲಿ ಹೋಗುತ್ತಿತ್ತು.

ಲಕೋಟೆ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಕಾಲೇಜಿನ ಮಟ್ಟದಲ್ಲಿ ಪ್ರಾಥಮಿಕ ವಿಚಾರಣೆ ಮಾಡುತ್ತಿದ್ದ ನಮ್ಮ ಸಮಿತಿಯ ಮುಂದೆ ಒಮ್ಮೆ ಬಿ.ಕಾಂ. ಹುಡುಗನೊಬ್ಬ ಬಂದ. ತಾಯಿ ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಮಾರುವಾಕೆ. ಮನೆಮಾತು ತಮಿಳು, ಬೀದಿಯಲ್ಲಿ ಕನ್ನಡ, ಇಂಗ್ಲಿಷು ಪುಸ್ತಕದಲ್ಲಿ ಮಾತ್ರ. ಪತ್ರ ಕಡತದಲ್ಲಿತ್ತು, ಎಲ್ಲರೂ ಮುಗಿಸುವ ಆತುರದಲ್ಲಿದ್ದರು. “ಏನಾಯ್ತು ಹೇಳಪ್ಪ, ನಿನಗೆ ಬರೋ ಭಾಷೆಯಲ್ಲೇ ಹೇಳು” ಅಂದೆ.

“ಮಿಸ್, ಚೀಟಿ ನಂದೇ. ಸುಳ್ಳು ಹೇಳಲ್ಲ. ಆದ್ರೆ ಅದು ಅವತ್ತಿನ ಪೇಪರ್‌ದಲ್ಲ. ಮುಂಚಿನ ಪೇಪರ್‌ಗೆ ಬರೆದಿದ್ದು, ಜೇಬಲ್ಲೇ ಉಳ್ಕೊಂಡಿತ್ತು.”

“ಮತ್ತೆ ಲೆಟರ್‌ನಲ್ಲಿ ಕಾಪಿ ಹೊಡೆದೆ ಅಂತ ಒಪ್ಪಿಕೊಂಡಿದ್ದೀಯಲ್ಲ?” ಎಂದರು ನಮ್ಮ ಅಧ್ಯಕ್ಷರು.

“ಬರೀ ಅಂದ್ರು ಸಾರ್, ಬರೆದೆ. ಬರೆದುಕೊಟ್ರೆ ಮಿಕ್ಕ ಪೇಪರ್ ಬರೆಯೋಕೆ ಬಿಡ್ತೀವಿ ಅಂದ್ರು. ಒಳಗೆ ಏನಿದೆ ಅಂತ ನಂಗೆ ಸರಿಯಾಗಿ ತಿಳೀಲಿಲ್ಲ.”

ಲಕೋಟೆಯಿಂದ ಚೀಟಿ ತೆಗೆಸಿ ನೋಡಿದೆವು. ಪರೀಕ್ಷೆ ಆದಾಯ ತೆರಿಗೆಯದು. ಚೀಟಿಯಲ್ಲಿದ್ದದ್ದು ಕಾಸ್ಟ್ ಅಕೌಂಟಿಂಗ್‌ನ ಸೂತ್ರಗಳು. ಹಿಡಿದವರಿಂದ ಹಿಡಿದು ಲಕೋಟೆ ಕಟ್ಟಿದವರವರೆಗೆ ಒಬ್ಬರೂ ಆ ಚೀಟಿಯನ್ನು ಓದಿರಲಿಲ್ಲ. ಪತ್ರ ಸಿಕ್ಕ ಮೇಲೆ ಓದುವ ಅಗತ್ಯ ಯಾರಿಗೂ ಕಂಡಿರಲಿಲ್ಲ. “ಹಾಗಾದ್ರೆ ಮುಂಚಿನ ಪೇಪರ್‌ನಲ್ಲಿ ನೋಡಿ ಬರೆದೆಯಾ?” ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿ, “ತಗೊಂಡು ಹೋಗಿದ್ದು ನಿಜ ಮಿಸ್, ತೆಗೆದು ನೋಡೋ ಧೈರ್ಯ ಬರ್ಲಿಲ್ಲ” ಅಂದ. ಯಾರೂ ಕೇಳದಿದ್ದರೆ ಹೊರಗೆ ಬರುತ್ತಲೇ ಇರಲಿಲ್ಲ ಆ ಮಾತು. ತನಗೆ ತೊಂದರೆಯಾಗುವ ಸತ್ಯವನ್ನೂ ಹೇಳಿದ. ಇಬ್ಬರಿಗೂ, ಹುಡುಗನಿಗೂ ಸಮಿತಿಗೂ, ಸತ್ಯ ಸಿಕ್ಕಿದ್ದು ಪತ್ರದಿಂದಲ್ಲ, ಪ್ರಶ್ನೆಯಿಂದ. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆವು. ಚೀಟಿ ಒಳಗೆ ಒಯ್ದದ್ದು ತಪ್ಪೇ, ಆ ಒಂದು ಪೇಪರ್ ಹೋಯಿತು. ವರ್ಷ ಉಳಿಯಿತು.

ಇನ್ನೊಂದು ಪ್ರಕರಣ ನನ್ನನ್ನು ಹೆಚ್ಚು ಕಾಡಿದ್ದು. ಇಬ್ಬರು ಹುಡುಗಿಯರ ಉತ್ತರದಲ್ಲಿ ಒಂದೇ ಲೆಕ್ಕದ ಒಂದೇ ತಪ್ಪು. ಒಬ್ಬಳ ಮೇಲಷ್ಟೇ ಅನುಮಾನ ಹುಟ್ಟಿ ಅವಳನ್ನು ಕರೆಸಿದ್ದರು. ಮಾರನೇ ದಿನ ಇನ್ನೊಬ್ಬಳು, ದೂರವಾಣಿನಗರದ ಐ.ಟಿ.ಐ. ಕಾರ್ಮಿಕರೊಬ್ಬರ ಮಗಳು, ಸ್ಟಾಫ್ ರೂಮಿಗೆ ತಾನಾಗಿ ಬಂದು, “ಪೇಪರ್ ತೋರಿಸಿದ್ದು ನಾನು ಮಿಸ್. ಅವಳೊಬ್ಬಳನ್ನೇ ಬಯ್ಯಬೇಡಿ” ಅಂದಳು. ಸಮಿತಿಯಲ್ಲಿ ಒಬ್ಬರು, ಒಪ್ಪಿಕೊಂಡ ಮೇಲೆ ಕೇಸು ಮುಗಿಯಿತು, ಇಬ್ಬರಿಗೂ ಒಂದೇ ಶಿಕ್ಷೆ ಎಂದರು. ನಾನು ಒಪ್ಪದೆ ಟಿಪ್ಪಣಿ ಬರೆದೆ, ಬಹುಮತ ಅವರದ್ದಾಯಿತು. ಬಾಯಿಮುಚ್ಚಿ ಕೂತಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಸತ್ಯ ಹೇಳಿದ್ದಕ್ಕೆ ಶಿಕ್ಷೆ, ಮುಚ್ಚಿಟ್ಟಿದ್ದರೆ ರಕ್ಷೆ ಎಂಬ ಪಾಠವನ್ನು ನಾವೇ ಕಲಿಸಿದರೆ ಮುಂದಿನ ವರ್ಷ ಯಾವ ಮಗು ಬಂದು ಹೇಳೀತು? ತಾನಾಗಿ ಬಂದು ಹೇಳಿದ ಸತ್ಯಕ್ಕೆ ತೂಕ ಇರಬೇಕು. ಶಿಕ್ಷೆ ಪೂರ್ತಿ ಬಿಡಬೇಕೆಂದಲ್ಲ, ಕಡಿಮೆಯಾಗಬೇಕು, ಮತ್ತು ಯಾಕೆ ಕಡಿಮೆಯಾಯಿತೆಂದು ಆದೇಶದಲ್ಲಿ ಕಾಣಬೇಕು.

ಈಚಿನ ಕಾಲದಲ್ಲಿ ನಿಯಮಗಳು ಬೆಳೆದಿವೆ. ರ‍್ಯಾಗಿಂಗ್ ತಡೆಗೆ ಯು.ಜಿ.ಸಿ. 2009ರಲ್ಲಿ ನಿಯಮ ತಂದಿತು. ಹಿಮಾಚಲದ ವೈದ್ಯಕೀಯ ಕಾಲೇಜಿನಲ್ಲಿ ಒಬ್ಬ ಹುಡುಗ ಸತ್ತ ವರ್ಷ ಅದು. ಆ ನಿಯಮ ಬೇಕಾಗಿತ್ತು. ಆದರೆ ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆ ಕೊಡಬೇಕು ಎಂಬ ಮಾತೂ ಅದರಲ್ಲಿದೆ. ನೊಂದ ಮಗುವಿನ ಪರ ನಿಲ್ಲಲೇಬೇಕು. ಆದರೆ ಹುಡುಕುವ ಕಷ್ಟ ತಪ್ಪಿಸಿಕೊಳ್ಳಲು ಒಂದಿಡೀ ಹಾಸ್ಟೆಲನ್ನು ದಂಡಿಸುವುದಕ್ಕೆ ಆ ಮಾತು ನೆಪವಾಗಬಾರದು.

ಸಂಸ್ಥೆಗಳೇ ತಪ್ಪು ಮಾಡಿದಾಗ ಏನಾಗುತ್ತದೆ ಎಂಬುದನ್ನೂ ಕರ್ನಾಟಕ ಕಂಡಿದೆ. 2016ರ ಮಾರ್ಚಿನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಹೋಯಿತು. 21ರಂದು ನಡೆದ ಪರೀಕ್ಷೆ ರದ್ದಾಯಿತು, 31ರದ್ದು ಆ ದಿನವೇ ನಿಂತಿತು, ಏಪ್ರಿಲ್ 12ರಂದು ಮತ್ತೆ ಬರೆಯಬೇಕಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಡದ ತಪ್ಪಿಗೆ ಮತ್ತೆ ಮತ್ತೆ ಓದಿದರು. 2019ರ ಅಕ್ಟೋಬರಿನಲ್ಲಿ ಹಾವೇರಿಯ ಒಂದು ಪಿಯು ಕಾಲೇಜು ಕಾಪಿ ತಡೆಯಲೆಂದು ಮಕ್ಕಳ ತಲೆಗೆ ರಟ್ಟಿನ ಡಬ್ಬಿ ತೊಡಿಸಿ ಪರೀಕ್ಷೆಗೆ ಕೂರಿಸಿತು. ಆ ಚಿತ್ರ ದೇಶವಿದೇಶಕ್ಕೆ ಹೋಯಿತು. ಯಾವ ಮಗುವೂ ಇನ್ನೂ ತಪ್ಪು ಮಾಡಿರಲಿಲ್ಲ. ಎಲ್ಲರನ್ನೂ ಮೊದಲೇ ಕಳ್ಳರೆಂದು ತೀರ್ಮಾನಿಸಲಾಗಿತ್ತು.

ಒಳ್ಳೆಯ ಬದಲಾವಣೆಗಳೂ ಆಗಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ಕೃತಿಚೌರ್ಯಕ್ಕೆ ಯು.ಜಿ.ಸಿ. ಮಟ್ಟಗಳನ್ನು ಗೊತ್ತುಮಾಡಿತು: ಶೇ. 10ರವರೆಗೆ ಶಿಕ್ಷೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಅಳತೆ ಇರುವುದು ಒಳ್ಳೆಯದು, ಆದರೆ ಯಂತ್ರ ಕೊಟ್ಟ ಶೇಕಡಾವಾರು ಸಂಖ್ಯೆಯನ್ನೇ ವಿಚಾರಣೆ ಎಂದುಕೊಳ್ಳಬಾರದು. 2023ರ ಏಪ್ರಿಲಿನ ನಿಯಮ ಎಲ್ಲ ಸಂಸ್ಥೆಗಳಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು ಎಂದಿತು. ಅದರಲ್ಲಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿಗೂ ಜಾಗ ಇದೆ. ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಸಮಾಧಾನವಾಗದಿದ್ದರೆ ವಿದ್ಯಾರ್ಥಿ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ ಹೋಗಬಹುದು. ಸಂಸ್ಥೆ ತನ್ನದೇ ನಿಯಮ ಮುರಿದು ಕ್ರಮ ಕೈಗೊಂಡರೆ ಅದೂ ಕುಂದುಕೊರತೆಯೇ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದು, ಶಿವಾಜಿನಗರದ ಕಾಲೇಜುಗಳು ಸೆಂಟ್ರಲ್ ಕಾಲೇಜಿನ ಅಂಗಳದ ವಿಶ್ವವಿದ್ಯಾಲಯಕ್ಕೂ ಕೆ.ಆರ್. ಪುರದವು ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೂ ಸೇರಿದವು. ಮದರಾಸಿನಷ್ಟು ದೂರ ಇನ್ನಿಲ್ಲ. ಆದರೆ ಕಚೇರಿ ಹತ್ತಿರವಾದರೆ ಸಾಲದು, ಕಿವಿಯೂ ಹತ್ತಿರವಾಗಬೇಕು.

ಇಷ್ಟು ಇತಿಹಾಸ ಓದಿ, ಇಷ್ಟು ಮಕ್ಕಳನ್ನು ಕಂಡು, ಕಾಲೇಜುಗಳಿಗೆ ನಾನು ಕೇಳುವುದು ದೊಡ್ಡದೇನಲ್ಲ. ಹೇಳಿ ಬರೆಸುವ ಪತ್ರವನ್ನು ನಿಲ್ಲಿಸಿ. ಬರೆಯುವುದಾದರೆ ವಿದ್ಯಾರ್ಥಿ ತನಗೆ ಬರುವ ಭಾಷೆಯಲ್ಲಿ, ಕನ್ನಡ, ತಮಿಳು, ಉರ್ದು, ತೆಲುಗು ಯಾವುದಾದರೂ ಸರಿ, ತಾನೇ ಬರೆಯಲಿ. ಸಾಕ್ಷ್ಯವನ್ನು ಅವರಿಗೆ ತೋರಿಸಿ, ನೀವೂ ಓದಿ. ಹಿಡಿದವರು ತೀರ್ಪುಗಾರರಾಗುವುದು ಬೇಡ. ಆದೇಶದಲ್ಲಿ ಕಾರಣ, ದಿನಾಂಕ, ಮೇಲ್ಮನವಿಯ ದಾರಿ ಮೂರೂ ಇರಲಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಚೀಟಿ ಒಯ್ಯಬೇಡಿ, ಒಯ್ದು ಸಿಕ್ಕರೆ ಸುಳ್ಳು ಹೇಳಬೇಡಿ, ಗೆಳೆಯನ ಮೇಲೆ ಹಾಕಬೇಡಿ. ನಿಮ್ಮ ಸುಳ್ಳು ಮುಂದೆ ಬರುವ ನಿರಪರಾಧಿಯ ಮಾತಿನ ಬೆಲೆಯನ್ನೂ ಕಳೆಯುತ್ತದೆ.

ಹೆತ್ತವರೇ, ನಿಮ್ಮ ಮಗನನ್ನೋ ಮಗಳನ್ನೋ ಹೀಗೆ ಕರೆಸಿದರೆ ನಾಚಿಕೊಂಡು ಬಾಗಿಲಾಚೆ ನಿಲ್ಲಬೇಡಿ. ಮೊದಲು ಮನೆಯಲ್ಲಿ ಮಗುವಿನಿಂದ ನಿಜ ಕೇಳಿ ತಿಳಿಯಿರಿ. ಆಮೇಲೆ ಕಾಲೇಜಿಗೆ ಹೋಗಿ ಆರೋಪವನ್ನು ಬರಹದಲ್ಲಿ ಕೇಳಿ, ಆದೇಶದ ಪ್ರತಿ ಪಡೆದುಕೊಂಡೇ ಬನ್ನಿ.